ಗ್ಯಾಸ್ ನಿಂತ ವರ್ಷದ ದೆವ್ವಗಳು

ಮುಚ್ಚಿದ ಕಾರ್ಖಾನೆಗೆ ಹೋಗಿ, ಅದು ಮುಚ್ಚಿರುವುದು ನಿಜ ಎಂದು ಬರೆದುಕೊಂಡು ಬರುವುದೇ ಕೆಲಸವಾದವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನು ಒಂದು ವಿಮಾ ಕಂಪನಿಯಲ್ಲಿ ಅಧಿಕಾರಿ. ಧಾರವಾಡದ ಕಡೆಯವಳು, ವರ್ಗವಾಗಿ ಬಂದು ವಡೋದರಾದಲ್ಲಿ ಬೇರುಬಿಟ್ಟು ಬಹಳ ವರ್ಷವಾಯಿತು. ಯಾವುದೇ ಕಾರ್ಖಾನೆ ತಿಂಗಳಿಗಿಂತ ಹೆಚ್ಚು ದಿನ ಬೀಗ ಹಾಕಿಕೊಂಡು ಕೂತರೆ ಮಾಲೀಕರು ನಮಗೆ ತಿಳಿಸಬೇಕು, ನಾವು ಹೋಗಿ ನೋಡಬೇಕು. ಸಾಮಾನ್ಯವಾಗಿ ವರ್ಷಕ್ಕೆ ಎರಡೋ ಮೂರೋ ಅಂಥ ಪ್ರಕರಣ.

ಆ ವರ್ಷ ಮಾತ್ರ ದಿನಕ್ಕೆ ಎರಡು ಮೂರು. ದೂರದ ಯಾವುದೋ ಸಮುದ್ರದಲ್ಲಿ ಹಡಗುಗಳು ನಿಂತವಂತೆ, ಆ ಹಡಗಿನಲ್ಲಿ ನಮ್ಮ ಗ್ಯಾಸ್ ಇತ್ತಂತೆ. ಒಂದು ದೇಶದಲ್ಲಿ ಜನ ಮನೆಯೊಳಗೆ ಕೋಟು ಹಾಕಿಕೊಂಡು ಮಲಗುತ್ತಿದ್ದಾರೆ, ಇನ್ನೊಂದರಲ್ಲಿ ಶಾಲೆ ವಾರಕ್ಕೆ ಮೂರೇ ದಿನ ಎಂದು ಸುದ್ದಿ ಬರುತ್ತಿತ್ತು. ನಮ್ಮಲ್ಲಿ ಆದದ್ದು ಇಷ್ಟೇ: ಸದ್ದು ನಿಂತಿತು. ಸೂರತ್ತಿನಿಂದ ಅಹಮದಾಬಾದಿನವರೆಗೆ ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದದ್ದು ಒಮ್ಮೆಗೇ ಸುಮ್ಮನಾದಾಗ, ಆ ಸದ್ದು ಇಷ್ಟು ದಿನ ಏನೇನನ್ನು ಮುಚ್ಚಿಟ್ಟಿತ್ತು ಅಂತ ಗೊತ್ತಾಗಲು ಶುರುವಾಯಿತು.

೧. ವಟ್ವಾದ ಬಿಳಿ ನಾಯಿ

ಅಹಮದಾಬಾದಿನ ಅಂಚಿನ ವಟ್ವಾದಲ್ಲಿ ಬಟ್ಟೆಗೆ ಹಾಕುವ ಬಣ್ಣದ ಪುಡಿ ತಯಾರಿಸುವ ಒಂದು ಕಾರ್ಖಾನೆ. ಗ್ಯಾಸಿಲ್ಲದೆ ಬಾಯ್ಲರ್ ಆರಿ ಐದು ವಾರವಾಗಿತ್ತು. ಕೆಲಸಗಾರರೆಲ್ಲ ತಮ್ಮ ತಮ್ಮ ಊರು ಸೇರಿದ್ದರು. ನಾನು ಹೋದಾಗ ನಡು ಮಧ್ಯಾಹ್ನ. ವಟ್ವಾ ಅಂದರೆ ಕಿವಿ ತುಂಬ ಯಂತ್ರ, ಮೂಗು ತುಂಬ ಘಾಟು. ಅವತ್ತು ಎರಡೂ ಇರಲಿಲ್ಲ. ನನ್ನ ಚಪ್ಪಲಿಯ ಸದ್ದೇ ಗೋಡೆಗೆ ಬಡಿದು, ಹಿಂದಿನಿಂದ ಇನ್ನೊಬ್ಬರು ಬರುತ್ತಿದ್ದ ಹಾಗೆ ಕೇಳುತ್ತಿತ್ತು. ಎರಡು ಸಲ ತಿರುಗಿ ನೋಡಿದೆ.

ಗೇಟಿನಲ್ಲಿ ಮುದುಕ ಕಾವಲುಗಾರ ಒಬ್ಬನೇ ಇದ್ದ. ಎಲ್ಲ ತೋರಿಸಿದ, ಪ್ಯಾಕಿಂಗ್ ಶೆಡ್ಡಿನ ಬಾಗಿಲ ಹತ್ತಿರ ಮಾತ್ರ ನಿಂತುಬಿಟ್ಟ. "ಬೆನ್, ಇದರೊಳಗೆ ಹೋಗಬೇಡಿ" ಅಂದ. ಬೆನ್ ಅಂದರೆ ಅಕ್ಕ, ಇಲ್ಲಿ ಹೆಂಗಸರನ್ನೆಲ್ಲ ಕರೆಯುವುದೇ ಹಾಗೆ. ಯಾಕೆ ಅಂತ ಕೇಳಿದೆ. ಅವನು ಶೆಡ್ಡಿನ ಕಡೆ ಬೆನ್ನು ಮಾಡಿ ನಿಂತುಕೊಂಡು ಹೇಳಿದ್ದು ಇದು.

ಕಾರ್ಖಾನೆಯಲ್ಲಿ ಒಂದು ನಾಯಿ ಇತ್ತು. ಹೆಸರು ಲಾಲಿಯೊ, ಅಂದರೆ ಕೆಂಪ. ಎಂಟು ವರ್ಷದ ಹಿಂದೆ, ಇವನು ಕೆಲಸಕ್ಕೆ ಸೇರಿದ ದಿನದಿಂದ ಜೊತೆಗಿದ್ದದ್ದು. ಮೈಯೆಲ್ಲ ದಾಳಿಂಬೆಯಂಥ ಕೆಂಪು. ಕಾರ್ಖಾನೆ ಮುಚ್ಚಿ ಮೂರು ವಾರಕ್ಕೆ, ಎರಡು ದಿನ ಜೋರು ಮಳೆ ಬಂತು. ಆ ಮಳೆಯಲ್ಲಿ ಲಾಲಿಯೊ ಕಾಣೆಯಾಯಿತು. ಮಾರನೆಯ ದಿನದಿಂದ ಬಿಳಿಯ ನಾಯಿಯೊಂದು ಕಾಣಿಸಿಕೊಳ್ಳತೊಡಗಿತು. ಗೇಟು ಹಾಕಿದ್ದೇ ಇದೆ, ಅದು ಒಳಗೆ ಹೇಗೆ ಬಂತೋ ಗೊತ್ತಿಲ್ಲ. ಲಾಲಿಯೊನ ಹಾಗೆಯೇ ಬಲಗಿವಿ ಹರಿದಿದೆ. ಲಾಲಿಯೊನ ಹಾಗೆಯೇ ಹಿಂಗಾಲು ಕುಂಟುತ್ತದೆ. ಲಾಲಿಯೊ ಮಲಗುತ್ತಿದ್ದ ಜಾಗದಲ್ಲೇ ಮಲಗಿ, ಇವನನ್ನೇ ನೋಡುತ್ತದೆ. "ನಾನು ಅದರ ಕಣ್ಣಿಗೆ ಕಣ್ಣು ಕೊಡುವುದಿಲ್ಲ" ಅಂದ ಮುದುಕ. ದಿನಾ ಎರಡು ರೊಟ್ಟಿ, ಮೇಲೊಂದು ತುಳಸಿ ಎಲೆ ಇಟ್ಟು ಕೈಮುಗಿದು, ತಿರುಗಿ ನೋಡದೆ ಬರುತ್ತಾನಂತೆ. ರೊಟ್ಟಿ ಹೋಗುತ್ತದೆ. ತುಳಸಿ ಅಲ್ಲೇ ಇರುತ್ತದೆ.

ಬೀಗದೊಳಗಿನ ಜಾಗ ನೋಡದೆ ನೋಡಿದೆ ಅಂತ ಬರೆಯುವ ಹಾಗಿಲ್ಲ. ಒಬ್ಬಳೇ ಒಳಗೆ ಹೋದೆ. ನೆಲವೆಲ್ಲ ಗುಲಾಬಿ, ತೊಲೆಯ ಮೇಲಿನ ಪಾರಿವಾಳಗಳೂ ಅರ್ಧ ಗುಲಾಬಿ. ಮೂಟೆಗಳ ಹಿಂದಿನಿಂದ ಏನೋ ಎದ್ದು ನಿಂತಿತು. ಕತ್ತಲಲ್ಲಿ ಅಷ್ಟು ಬಿಳಿ ಕಂಡಾಗ ನಾನೂ ಎರಡು ಹೆಜ್ಜೆ ಹಿಂದೆ ಸರಿದೆ, ಸುಳ್ಳೇಕೆ ಹೇಳಲಿ. ಅದು ಕುಂಟುತ್ತಾ ಬಂದು ನನ್ನ ಸೀರೆಯ ನೆರಿಗೆ ಮೂಸಿ, ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ಹೊಟ್ಟೆ ಕೆಂಪಾಗಿತ್ತು. ಕಿವಿಯ ಒಳಗೂ ಕೆಂಪು. ಮಳೆ ತಾಗದ ಕಡೆಯೆಲ್ಲ ಕೆಂಪು.

ಹೊರಗೆ ಬಂದು ಮುದುಕನಿಗೆ ಹೇಳಿದೆ, ಅದು ಲಾಲಿಯೊನೇ, ಹುಟ್ಟಿದಾಗಿನಿಂದ ಬಿಳಿಯದೇ, ಇಷ್ಟು ವರ್ಷ ಬಣ್ಣದಲ್ಲಿ ಮಲಗಿ ಮಲಗಿ ಕೆಂಪಗಿತ್ತು. ಮುದುಕ ತನ್ನ ಎರಡೂ ಅಂಗೈ ಮೇಲೆ ಕೆಳಗೆ ಮಾಡಿ ನೋಡಿಕೊಂಡ. ಅವೂ ಬಣ್ಣ ಹೋಗಿ ಬಿಳಿಚಿಕೊಂಡಿದ್ದವು.

"ಹೋದ ವಾರ ಊರಿಗೆ ಹೋಗಿದ್ದೆ" ಅಂದ. "ಮೊಮ್ಮಗಳು ನನ್ನನ್ನು ನೋಡಿ ಅತ್ತು ಒಳಗೆ ಓಡಿಹೋದಳು. ಅದಕ್ಕೇ ಇರಬೇಕು."

ವರದಿಯಲ್ಲಿ 'ಕಾವಲಿಗೆ ಒಬ್ಬ ಮನುಷ್ಯ, ಒಂದು ನಾಯಿ. ಇಬ್ಬರೂ ಬಣ್ಣ ಬಿಟ್ಟಿದ್ದಾರೆ' ಎಂದು ಬರೆದೆ. ಬಣ್ಣ ಬಿಡುವುದು ಪಾಲಿಸಿಯಲ್ಲಿ ಬರುವುದಿಲ್ಲ ಎಂದು ಮೇಲಿನಿಂದ ಉತ್ತರ ಬಂತು.

೨. ತಾನಾಗಿ ನಡೆಯುವ ಮಗ್ಗ

ಸೂರತ್ತಿನಿಂದ ಒಬ್ಬ ಮಗ್ಗದ ಮಾಲೀಕರು ಫೋನ್ ಮಾಡಿದರು. ಗ್ಯಾಸಿಲ್ಲದೆ ಬಣ್ಣ ಹಾಕುವ ಮಿಲ್ಲುಗಳು ನಿಂತದ್ದರಿಂದ ನೇಯ್ದ ಬಟ್ಟೆ ಕೊಳ್ಳುವವರಿಲ್ಲ, ಇವರ ಶೆಡ್ಡೂ ಮುಚ್ಚಿತ್ತು. ಅದನ್ನು ಹೇಳಿ, ಸ್ವಲ್ಪ ತಡೆದು, ದನಿ ತಗ್ಗಿಸಿದರು. ಮುಚ್ಚಿದ್ದೇನೋ ಮುಚ್ಚಿದೆ, ಆದರೆ ದಿನಾ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮಗ್ಗಗಳು ತಾವಾಗಿಯೇ ನಡೆಯುತ್ತಿವೆ. ಕಾವಲಿನವನು ಬಿಟ್ಟುಹೋದ. ಇದನ್ನು ಕಾಗದದಲ್ಲಿ ಹೇಗೆ ಬರೆಯುವುದು?

ಹೇಗೆ ಬರೆಯುವುದು ಅಂತ ನನಗೂ ತಿಳಿಯಲಿಲ್ಲ. ಬೆಳಗಿನ ರೈಲು ಹಿಡಿದು ಹೋದೆ.

ಕಿರಿದಾದ ಗಲ್ಲಿ, ಎರಡೂ ಬದಿ ಶೆಡ್ಡು, ನಡುನಡುವೆ ಮನೆಗಳು. ಮಾಲೀಕರು ಐವತ್ತರ ಮೇಲಿನ ದಪ್ಪ ಮನುಷ್ಯ, ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಬಾಗಿಲು ತೆಗೆದು ನನ್ನನ್ನೇ ಮುಂದೆ ಬಿಟ್ಟರು. ಮೊದಲು ಮೇನ್ ಸ್ವಿಚ್ ನೋಡಿದೆ. ಕೆಳಗೆ ಇಳಿದಿತ್ತು, ಕಟ್ಟಿದ ದಾರ ಕಟ್ಟಿದ ಹಾಗೇ ಇತ್ತು. ಮಗ್ಗಗಳು ಎರಡು ಸಾಲಿನಲ್ಲಿ ಧೂಳು ಹೊದ್ದು ನಿಂತಿದ್ದವು. ಒಂದರ ಮೇಲೆ ಅರ್ಧ ನೇಯ್ದ ಬಟ್ಟೆ, ನೇಯುವವನು ನೀರು ಕುಡಿಯಲು ಈಗಷ್ಟೇ ಎದ್ದುಹೋದ ಹಾಗೆ. ಒಂದು ಗಂಟೆಗೆ ಇನ್ನೂ ನಾಲ್ಕು ನಿಮಿಷವಿತ್ತು. ಇಬ್ಬರೂ ಗಡಿಯಾರ ನೋಡುತ್ತ ನಿಂತೆವು.

ಸರಿಯಾಗಿ ಒಂದಕ್ಕೆ ಶುರುವಾಯಿತು. ಖಟಖಟ ಖಟಖಟ. ಹತ್ತಾರು ಮಗ್ಗಗಳ ಪೂರ್ತಿ ಸದ್ದು. ಕಣ್ಣೆದುರಿಗೆ ಒಂದು ನೂಲೂ ಅಲುಗುತ್ತಿಲ್ಲ. ಮಾಲೀಕರು ನನ್ನ ಛತ್ರಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ಅದರ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ನಾನು ಹತ್ತಿರದ ಮಗ್ಗದ ಮೇಲೆ ಅಂಗೈ ಇಟ್ಟೆ. ತಣ್ಣಗೆ, ಕಲ್ಲಿನ ಹಾಗೆ. ಹಿಂದಿನ ಗೋಡೆಯ ಮೇಲೆ ಇಟ್ಟೆ. ಗೋಡೆ ನಡುಗುತ್ತಿತ್ತು.

ಗಲ್ಲಿ ಸುತ್ತಿ ಗೋಡೆಯ ಆಚೆಗಿನ ಮನೆಗೆ ಹೋದೆವು. ಬಾಗಿಲು ತೆರೆದೇ ಇತ್ತು. ಒಂದೇ ಕೋಣೆ, ಗೋಡೆಗೆ ಒರಗಿಸಿದ್ದು ಮದುವೆ ಮನೆಗಳಿಗೆ ಬಾಡಿಗೆಗೆ ಕೊಡುವ ಆಳೆತ್ತರದ ಸ್ಪೀಕರ್ ಪೆಟ್ಟಿಗೆ. ಅದಕ್ಕೆ ಒಂದು ಮೊಬೈಲ್ ಜೋಡಿಸಿತ್ತು. ಅದರ ಮುಂದೆ ಸಾಲಾಗಿ ನಾಲ್ಕು ಬಟ್ಟೆ ತೊಟ್ಟಿಲು, ನಾಲ್ಕರಲ್ಲೂ ಕೂಸು ಗಾಢ ನಿದ್ದೆಯಲ್ಲಿ. ತಾಯಿಯೊಬ್ಬಳು ಎದ್ದು ಬಂದು, ಆ ಸದ್ದಿನಲ್ಲಿ ಕೇಳಿಸಲೆಂದು ನನ್ನ ಕಿವಿಗೆ ಬಾಯಿಟ್ಟು ವಿವರಿಸಿದಳು. ಅವಳ ಮಗ ಹುಟ್ಟಿದ್ದೇ ಈ ಗೋಡೆಯ ಪಕ್ಕ. ಮಗ್ಗ ನಿಂತ ದಿನದಿಂದ ಕಣ್ಣು ಮುಚ್ಚಲಿಲ್ಲ, ಮೈ ನೀಲಿಗಟ್ಟುವ ಹಾಗೆ ಅಳುತ್ತಿದ್ದ. ಡಾಕ್ಟರು ಏನೂ ಇಲ್ಲವೆಂದರು. ಕೊನೆಗೆ ಗಂಡ, ಮದುವೆಗಳಿಗೆ ಸ್ಪೀಕರ್ ಹಾಕುವವನು, ತನ್ನ ಫೋನಿನ ಒಂದು ಹಳೆಯ ವಿಡಿಯೋದ ಹಿನ್ನೆಲೆಯಲ್ಲಿ ಮಗ್ಗದ ಸದ್ದು ಇರುವುದನ್ನು ಕಂಡುಹಿಡಿದ. ಅದನ್ನೇ ಹಾಕಿದರು. ಮಗು ಮಲಗಿತು. ಗಲ್ಲಿಯ ಉಳಿದ ತಾಯಂದಿರೂ ತೊಟ್ಟಿಲು ಹೊತ್ತು ತಂದರು.

ತೊಟ್ಟಿಲುಗಳ ಹಿಂದೆ ಚಾಪೆಯ ಮೇಲೆ ಕೆಲಸವಿಲ್ಲದ ಇಬ್ಬರು ನೇಕಾರರೂ ಬಾಯಿ ತೆರೆದು ಮಲಗಿದ್ದರು. ಕೂಸುಗಳೇ ಅಂತಲ್ಲ, ಇವರಿಗೂ ನಿದ್ದೆ ಬರುತ್ತಿರಲಿಲ್ಲವಂತೆ.

ನಾನು ಹೊಸ್ತಿಲ ಮೇಲೆ ಕೂತು ವರದಿ ಬರೆದು ಮುಗಿಸಿದೆ. ಮಾಲೀಕರ ಸಹಿ ಬೇಕಿತ್ತು. ತಿರುಗಿ ನೋಡಿದರೆ ಅವರು ಗೋಡೆಗೆ ಒರಗಿದಲ್ಲೇ ಕುಸಿದು ಗೊರಕೆ ಹೊಡೆಯುತ್ತಿದ್ದಾರೆ. ಮಗ್ಗ ನಿಂತ ಮೇಲೆ ಅದೇ ಮೊದಲ ನಿದ್ದೆ ಇರಬೇಕು. ಒಂದು ನಿಮಿಷ ಸ್ಪೀಕರ್ ನಿಲ್ಲಿಸಮ್ಮಾ, ಎಬ್ಬಿಸುತ್ತೇನೆ ಅಂದೆ.

ಅವಳು ಬೆರಳು ತುಟಿಗೆ ಇಟ್ಟುಕೊಂಡಳು. "ಬೇಡ ಬೆನ್. ಸದ್ದು ನಿಂತರೆ ಮಕ್ಕಳಿಗೆ ಎಚ್ಚರವಾಗುತ್ತದೆ."

೩. ಬೋಪಾಲಿನ ಹಜಾರ

ಅಹಮದಾಬಾದಿಗೆ ಹೋದಾಗ ನಾನು ಉಳಿಯುವುದು ಅಲ್ಲಿನ ಬೋಪಾಲ್ ಎಂಬ ಬಡಾವಣೆಯಲ್ಲಿ, ತಮ್ಮನ ಮನೆಯಲ್ಲಿ. ಹದಿಮೂರು ಅಂತಸ್ತಿನ ಕಟ್ಟಡ. ವಿದ್ಯುತ್ ಉಳಿಸಿ ಅಂತ ಎಲ್ಲ ಕಡೆ ಹೇಳುತ್ತಿದ್ದರಲ್ಲ, ಅವರ ಸೊಸೈಟಿಯವರು ಮನೆಗಳ ಮುಂದಿನ ಹಜಾರದ ದೀಪಗಳಿಗೆಲ್ಲ ಸೆನ್ಸರ್ ಹಾಕಿಸಿದರು. ಯಾರಾದರೂ ಅಲುಗಾಡಿದರೆ ದೀಪ ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಆ ಹಜಾರಕ್ಕೆ ಒಂದು ಕಿಟಕಿಯೂ ಇಲ್ಲ, ಹಗಲಲ್ಲೂ ಬಾವಿಯೊಳಗಿನ ಕತ್ತಲೆ.

ಒಂದು ದಿನ ಬೆಳಗ್ಗೆ ಹತ್ತಕ್ಕೆ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದೆ. ಕತ್ತಲೆ. ಯಾರೂ ಕಾಣಲಿಲ್ಲ. ಮುಚ್ಚಬೇಕು ಅನ್ನುವಷ್ಟರಲ್ಲಿ ಆ ಕತ್ತಲೆಯೊಳಗಿಂದ ಬಹಳ ಸಭ್ಯವಾದ, ತೆಳ್ಳನೆಯ ದನಿ ಬಂತು. "ದಯವಿಟ್ಟು ಒಂದು ಹೆಜ್ಜೆ ಹೊರಗೆ ಬರುತ್ತೀರಾ? ನಾನು ಇದ್ದೇನೋ ಇಲ್ಲವೋ ನೋಡಬೇಕು."

ಹೆಜ್ಜೆ ಇಟ್ಟೆ. ದೀಪ ಹತ್ತಿತು. ಎದುರು ಮನೆಯ ನಿವೃತ್ತ ಪ್ರೊಫೆಸರರು ನಿಂತಿದ್ದರು, ಒಣಗಿದ ಕಡ್ಡಿಯಂಥ ಮನುಷ್ಯ. ವಿಷಯ ಏನೆಂದರೆ ಸೆನ್ಸರ್ ಅವರನ್ನು ಗುರುತಿಸುತ್ತಿರಲಿಲ್ಲ. ಎಷ್ಟು ಸಲ ಓಡಾಡಿದರೂ ದೀಪ ಹತ್ತದು. ಅವರ ಹೆಂಡತಿಗೆ ಹತ್ತುತ್ತದೆ, ಹಾಲಿನವನಿಗೆ ಹತ್ತುತ್ತದೆ, ಬೆಕ್ಕಿಗೆ ಹತ್ತುತ್ತದೆ. ಹೋದ ವಾರ ಎದೆನೋವು ಬಂದು ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು ಬಂದಿದ್ದರಂತೆ. ಅಲ್ಲಿಂದ ಬಂದ ಮೇಲೆ ಶುರುವಾದದ್ದು ಇದು. ನಗುತ್ತಲೇ ಹೇಳಿದರು, ಆದರೆ ಆ ದೀಪದ ಕೆಳಗಿನಿಂದ ಕದಲಲಿಲ್ಲ. ಅವರನ್ನು ಲಿಫ್ಟಿನವರೆಗೆ ಕರೆದುಕೊಂಡು ಹೋಗಿ, ನೀವು ಖಂಡಿತ ಇದ್ದೀರಿ ಅಂತ ಹೇಳಿ ಬಂದೆ.

ಆ ಸಂಜೆ ಸೆನ್ಸರಿನವನು ಬಂದು ಪರೀಕ್ಷೆ ಮಾಡಿದ. ಯಂತ್ರ ಸರಿಯಿದೆ, ಅಂಕಲ್ಲೇ ಸಾಕಷ್ಟು ಅಲುಗಾಡುತ್ತಿಲ್ಲ ಅಂತ ತೀರ್ಪು ಕೊಟ್ಟ. ನಡೆಯುವಾಗ ನವರಾತ್ರಿಯ ಗರ್ಬಾ ಕುಣಿಯುವ ಹಾಗೆ ಕೈ ಬೀಸಿ, ಬಾಗಿ, ಚಪ್ಪಾಳೆ ತಟ್ಟಿ ಅಂದ. ಪ್ರೊಫೆಸರರು ಶಿಸ್ತಿನ ಮನುಷ್ಯ. ಮರುದಿನದಿಂದ ಬಾಗಿಲಿನಿಂದ ಲಿಫ್ಟಿನವರೆಗೆ ಮೂರು ಹೆಜ್ಜೆಗೊಂದು ಚಪ್ಪಾಳೆ ಹಾಕುತ್ತ, ಗಂಭೀರ ಮುಖದಲ್ಲಿ ಹೋಗತೊಡಗಿದರು. ದೀಪಗಳೂ ಒಂದೊಂದಾಗಿ ಹತ್ತಿಕೊಂಡವು.

ಅವರ ಹೆಂಡತಿ ಮಾತ್ರ ಆವತ್ತಿನಿಂದ ಅವರ ಜೊತೆ ಮಾತು ಬಿಟ್ಟರು. ಮದುವೆಯಾಗಿ ನಲವತ್ತು ವರ್ಷ, ಕಾಲು ನೋವು ಅಂತ ಹೇಳಿ ಗಂಡ ಒಂದು ನವರಾತ್ರಿಗೂ ಜೊತೆಗೆ ಕುಣಿದಿರಲಿಲ್ಲವಂತೆ.

೪. ಕಾಕಾನ ವಿಚಾರಣೆ

ಇದು ವಡೋದರಾದಲ್ಲಿ ನಾನಿರುವ ಫತೇಗಂಜಿನದೇ. ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಗದಗದ ಕಡೆಯ ಒಂದು ಕುಟುಂಬ: ಬ್ಯಾಂಕಿನಲ್ಲಿರುವ ಮಗ, ಸೊಸೆ, ಮತ್ತು ಎಂಬತ್ತು ದಾಟಿದ ಕಾಕಾ. ವಡೋದರಾದ ಕನ್ನಡಿಗರೆಲ್ಲ ಅವರನ್ನು ಕಾಕಾ ಅನ್ನುತ್ತಾರೆ. ಗುಜರಾತಿಯಲ್ಲೂ ಚಿಕ್ಕಪ್ಪನಿಗೆ ಕಾಕಾ ಅಂತಲೇ ಇರುವುದರಿಂದ ಊರಿಗೆಲ್ಲ ಅವರು ಕಾಕಾನೇ. ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು.

ಒಂದು ಶನಿವಾರ ಬೆಳಗ್ಗೆ ಮೇಲೆ ಬಂದು, "ತಂಗಿ, ಒಂಚೂರು ನಿನ್ನ ಗಾಡಿ ಮ್ಯಾಲ ಕರಕೊಂಡು ಹೋಗು, ಒಂದು ಆಫೀಸಿನ್ಯಾಗ ವಿಚಾರಣಿ ಐತಿ, ನನಗ ಗುಜರಾತಿ ಬರಂಗಿಲ್ಲ" ಅಂದರು. ಪಿಂಚಣಿ ವಿಷಯ ಇರಬೇಕು ಅಂದುಕೊಂಡೆ. ಹಿಂದೆ ಕೂತು ದಾರಿ ಹೇಳುತ್ತ ಹೋದರು. ಎಡಕ್ಕ, ಬಲಕ್ಕ, ಸೀದಾ. ನಿಲ್ಲಿಸು ಅಂದ ಕಡೆ ನಿಲ್ಲಿಸಿ ತಲೆಯೆತ್ತಿ ನೋಡಿದರೆ, ಸ್ಮಶಾನ.

ಬೇವಿನ ಮರಗಳು, ಗೋಡೆಯ ಮೇಲೊಂದು ನವಿಲು. ಗ್ಯಾಸಿನ ಚಿತಾಗಾರದ ಬಾಗಿಲು ತೆರೆದಿತ್ತು, ಒಳಗೆ ಕಪ್ಪು. ಚಿಮಣಿಯಲ್ಲಿ ಹೊಗೆಯಿಲ್ಲ. ಮನುಷ್ಯರ ಸುಳಿವಿಲ್ಲ. ಪಕ್ಕದ ಕೋಣೆಯಲ್ಲಿ ಗುಮಾಸ್ತನೊಬ್ಬ ರಿಜಿಸ್ಟರ್ ಮುಂದಿಟ್ಟುಕೊಂಡು ಕೂತಿದ್ದ. ನಮ್ಮನ್ನು ಕಂಡ ಕೂಡಲೇ ಮುಖ ಸಣ್ಣದು ಮಾಡಿ, ಕುರ್ಚಿ ತೋರಿಸಿ, ಪೆನ್ನು ಎತ್ತಿಕೊಂಡ. ಹೆಸರು ಕೇಳಿದ. ಕಾಕಾ ತಮ್ಮ ಹೆಸರು ಹೇಳಿದರು. ವಯಸ್ಸು? ಎಂಬತ್ತಮೂರು. ವಿಳಾಸ? ಹೇಳಿದರು. ಅವನು ಎಲ್ಲ ಬರೆದುಕೊಂಡ. ಅವನ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸುವುದರಲ್ಲೇ ನಾನಿದ್ದೆ, ತಡೆಯಬೇಕೆಂದು ಹೊಳೆಯಲೇ ಇಲ್ಲ.

"ದೇಹ ಎಲ್ಲಿದೆ?" ಅಂತ ಮೆಲ್ಲಗೆ ಕೇಳಿದ. ಇಷ್ಟು ಗುಜರಾತಿ ಕಾಕಾನಿಗೂ ತಿಳಿಯಿತು. "ಇದೇ" ಅಂತ ಎದೆ ಮುಟ್ಟಿಕೊಂಡು ತೋರಿಸಿದರು.

ಗುಮಾಸ್ತ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ. ಆಮೇಲೆ ನಾನೇ ಕಾಕಾನನ್ನು ಕೇಳಿ ಕೇಳಿ ಅವನಿಗೆ ಹೇಳಬೇಕಾಯಿತು. ಗ್ಯಾಸಿಲ್ಲದೆ ಚಿತಾಗಾರವೂ ನಿಂತಿದೆ, ಈಗ ಏನಿದ್ದರೂ ಕಟ್ಟಿಗೆ ಅಂತ ಸೊಸೆ ಪೇಪರ್ ಓದುವಾಗ ಕಾಕಾ ಕೇಳಿಸಿಕೊಂಡಿದ್ದರು. ಅಂದಿನಿಂದ ನಿದ್ದೆಯಿಲ್ಲ. ಕಟ್ಟಿಗೆಗೆ ಏನಾಗಿದೆ ಕಾಕಾ ಅಂತ ಕೇಳಿದೆ. ಅವರು ತೆರೆದ ಬಾಗಿಲಿನ ಆ ಕಪ್ಪನ್ನೇ ನೋಡುತ್ತ ಹೇಳಿದರು, "ಆಕಿ ಹ್ವಾದದ್ದು ಆ ಬಾಗಲದಾಗಿಂದ. ನಾ ಬ್ಯಾರೆ ಕಡೆಯಿಂದ ಹೋದರ ಹ್ಯಾಂಗ? ಆಕಿ ಅಲ್ಲೇ ಕಾಯಕೋತ ಕುಂತಿರ್ತಾಳ."

ಇದನ್ನು ಗುಜರಾತಿಗೆ ತಿರುಗಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಗುಮಾಸ್ತ ಕೇಳಿ, ರಿಜಿಸ್ಟರಿನ ಆ ಸಾಲಿಗೆ ಅಡ್ಡಗೆರೆ ಎಳೆಯಲಿಲ್ಲ, ಪೆನ್ಸಿಲಿನಲ್ಲಿ ಪಕ್ಕಕ್ಕೆ ಏನೋ ಗುರುತು ಹಾಕಿಕೊಂಡ. ಫೋನ್ ನಂಬರ್ ಕೊಟ್ಟು ಹೋಗಿ, ಗ್ಯಾಸ್ ಬಂದ ಕೂಡಲೇ ನಾನೇ ತಿಳಿಸುತ್ತೇನೆ, ಅಲ್ಲಿಯವರೆಗೆ ಕಾಕಾನಿಗೆ ಆರೋಗ್ಯ ನೋಡಿಕೊಳ್ಳಲು ಹೇಳಿ ಅಂದ. ತಮಗೆ ಫೋನು ಕೇಳಿಸುವುದಿಲ್ಲವೆಂದು ಕಾಕಾ ಸೊಸೆಯ ನಂಬರ್ ಕೊಟ್ಟರು. ಮನೆಯಲ್ಲಿ ಹೇಳಬೇಡ ಅಂತ ನನ್ನಿಂದ ಮಾತು ತೆಗೆದುಕೊಂಡರು.

ಅಂದಿನಿಂದ ಕಾಕಾ ಬದಲಾದರು. ವರ್ಷದಿಂದ ಬೇಡ ಬೇಡ ಅನ್ನುತ್ತಿದ್ದ ಬಿ.ಪಿ. ಮಾತ್ರೆಯನ್ನು ತಾವೇ ಕೇಳಿ ನುಂಗತೊಡಗಿದರು. ಕಡಲೆಹಿಟ್ಟಿನ ಕರಿದ ಫಾಫಡಾ ಬಿಟ್ಟರು. ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಮತ್ತೊಂದು ಸಲ ನೋಡುತ್ತಿದ್ದರು. ಸಂಜೆ ಮೈದಾನದ ಸುತ್ತ ಎರಡು ಸುತ್ತು. ಮುಖಕ್ಕೆ ಕಳೆ ಬಂತು. ಮಾವನವರಿಗೆ ಬದುಕಿನ ಮೇಲೆ ಆಸೆ ಹುಟ್ಟಿದೆ ನೋಡ್ರಿ ಅಂತ ಸೊಸೆ ನನ್ನ ಮುಂದೆ ಸಂತೋಷಪಟ್ಟಳು. ಅದು ಗ್ಯಾಸ್ ಬರುವವರೆಗೆ ಮಾತ್ರ ಅಂತ ನನಗೊಬ್ಬಳಿಗೆ ಗೊತ್ತಿತ್ತು. ಕೆಳಗಿನ ಮನೆಯಲ್ಲಿ ಫೋನ್ ಸದ್ದಾದರೆ ನಾನು ಮೇಲೆ ಕೈಯ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ.

ಎರಡು ತಿಂಗಳು ಕಳೆಯಿತು. ಒಂದು ಭಾನುವಾರ ಅವರ ಮನೆಯಲ್ಲಿ ಹೋಳಿಗೆ, ನನ್ನನ್ನೂ ಕರೆದಿದ್ದರು. ಕಾಕಾ, ಮಗ, ನಾನು ಊಟಕ್ಕೆ ಕೂತಿದ್ದೆವು. ಫೋನ್ ಬಂತು. ಸೊಸೆಯ ಕೈಯೆಲ್ಲ ಹಿಟ್ಟು, ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದಳು.

"ನಮಸ್ತೆ ಬೆನ್" ಅಂತ ಮೃದುವಾದ ದನಿ ಗುಜರಾತಿಯಲ್ಲಿ ಶುರುಮಾಡಿತು. "ಸ್ಮಶಾನದ ಆಫೀಸಿನಿಂದ ಮಾತಾಡುತ್ತಿದ್ದೇನೆ. ಗ್ಯಾಸ್ ಬಂದಿದೆ, ಪ್ರೆಷರ್ ಚೆನ್ನಾಗಿದೆ. ಇವತ್ತು ಬೇರೆ ಯಾರೂ ಇಲ್ಲ. ಕಾಕಾ ಮೊದಲೇ ಹೆಸರು ಬರೆಸಿದ್ದರಲ್ಲ, ಅದಕ್ಕೇ ಕೇಳಿದೆ."

ಸೊಸೆಯ ಕೈಯಲ್ಲಿನ ಲಟ್ಟಣಿಗೆ ನೆಲಕ್ಕೆ ಬಿದ್ದು ಉರುಳುತ್ತಾ ಹೋಯಿತು. ಮಗ ತುತ್ತನ್ನು ಬಾಯಿಯ ಹತ್ತಿರ ಹಿಡಿದವನು ಹಾಗೇ ಉಳಿದ. ಹಂಚಿನ ಮೇಲಿನ ಹೋಳಿಗೆ ಸೀಯತೊಡಗಿತು, ಯಾರೂ ಏಳಲಿಲ್ಲ. ಕಾಕಾ ಒಬ್ಬರೇ ಊಟ ಮಾಡುತ್ತಿದ್ದರು. ಏನಂತ ಅಂತ ನನ್ನನ್ನು ಕೇಳಿದರು. ಕಿವಿಯ ಹತ್ತಿರ ಬಾಗಿ ಹೇಳಿದೆ. ಅವರು ಎಲೆಯಲ್ಲಿದ್ದ ಹೋಳಿಗೆ ನೋಡಿದರು, ತುಪ್ಪದ ಬಟ್ಟಲು ನೋಡಿದರು, ಯೋಚನೆ ಮಾಡಿದರು.

"ಇವತ್ತ ಆಗಂಗಿಲ್ಲ ಅನ್ನು" ಅಂದರು. "ಸದ್ಯಾ ನನ್ನ ಪಾಳಿ ಮುಂದಿನವರಿಗೆ ಕೊಡ್ರಿ ಅನ್ನು."

ಹೇಳಿದೆ. ಆ ಕಡೆ ಪುಟ ತಿರುಗಿಸಿದ ಸದ್ದು ಕೇಳಿಸಿತು, ಪೆನ್ನಿನ ಮುಚ್ಚಳ ತೆಗೆದದ್ದೂ ಕೇಳಿಸಿತು.

"ಆಗಲಿ ಬೆನ್" ಅಂದ ಗುಮಾಸ್ತ. "ಹಾಗಾದರೆ ನಿಮ್ಮ ಪೈಕಿ ಯಾರ ಹೆಸರು ಬರೆದುಕೊಳ್ಳಲಿ?"

ಅದನ್ನೂ ಕಾಕಾನಿಗೆ ಹೇಳಿದೆ. ಕಾಕಾ ಹೋಳಿಗೆ ಮುರಿಯುತ್ತಾ, ಅವಸರವಿಲ್ಲದೆ, ಮೊದಲು ಮಗನ ಮುಖ ನೋಡಿದರು, ಆಮೇಲೆ ಸೊಸೆಯದು, ಆಮೇಲೆ ನನ್ನದು. ನನ್ನ ಮುಖದ ಮೇಲೆ ಅವರ ನೋಟ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

ನಾನು ಕೈ ತೊಳೆಯಲು ಎದ್ದವಳು, ಚಪ್ಪಲಿ ಹಾಕಿಕೊಂಡೇಬಿಟ್ಟೆ.